ಮರದ ನೆಲದಲ್ಲಿ ನೆಗ್ಗು ಬಿದ್ದಿದೆಯಾ? ಪುಟ್ಟಿ ಮೆತ್ತುವ ಮೊದಲು ನೋಡಬೇಕಾದದ್ದು

ಮರದ ನೆಲದ ಮೇಲೆ ಭಾರದ್ದು ಏನಾದರೂ ಬಿದ್ದು ತಗ್ಗಾದರೆ ಹೆಚ್ಚಿನವರು ಮಾಡುವ ಕೆಲಸ ಒಂದೇ. ಹಾರ್ಡ್‌ವೇರ್ ಅಂಗಡಿಯಿಂದ ವುಡ್ ಪುಟ್ಟಿ ತಂದು ಮೆತ್ತಿಬಿಡುತ್ತಾರೆ. ಸ್ವಲ್ಪ ದಿನ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ನೆಲದ ಬಣ್ಣ ಬಿಸಿಲಿಗೆ ಒಂದು ಕಡೆ ತಿರುಗುತ್ತದೆ, ಪುಟ್ಟಿಯ ಬಣ್ಣ ಇನ್ನೊಂದು ಕಡೆ ತಿರುಗುತ್ತದೆ. ನೆಗ್ಗಿಗಿಂತ ಈಗ ಪುಟ್ಟಿಯೇ ಹೆಚ್ಚು ಎದ್ದು ಕಾಣುತ್ತದೆ.

ನೆಗ್ಗಿದ ಜಾಗದಲ್ಲಿ ಮರ ಎಲ್ಲೂ ಹೋಗಿರುವುದಿಲ್ಲ. ಅದರ ನಾರು ಅಲ್ಲೇ ಅಮುಕಿಕೊಂಡು ಕೂತಿರುತ್ತದೆ. ಅವಲಕ್ಕಿಗೆ ನೀರು ಹಾಕಿದರೆ ಉಬ್ಬುತ್ತದಲ್ಲ, ಈ ನಾರೂ ಹಾಗೇ. ನೀರು ಮತ್ತು ಬಿಸಿ ಎರಡೂ ಸಿಕ್ಕರೆ ಎದ್ದು ಬರುತ್ತದೆ. ಆದರೆ ನಾರು ಕಡಿದು ಹೋಗಿದ್ದರೆ ಏಳುವುದಿಲ್ಲ. ಮೇಲೆ ಪುಟ್ಟಿ ಕೂತಿದ್ದರಂತೂ ನೀರಿಗೆ ಒಳಗೆ ಹೋಗಲು ದಾರಿಯೇ ಇಲ್ಲ. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ನೀರು ಮತ್ತು ಬಿಸಿ, ಅದೂ ಕೈಕೊಟ್ಟರೆ ಮಾತ್ರ ತುಂಬುವುದು. ಈ ಕ್ರಮ ತಿರುವುಮುರುವಾದರೆ ಸರಿಯಾಗಬಹುದಾಗಿದ್ದ ನೆಲವೂ ಕೆಡುತ್ತದೆ.

ಮೊದಲ ಪ್ರಶ್ನೆ: ನಿಮ್ಮದು ಮರದ ನೆಲವೇನಾ?

ಇದು ತಮಾಷೆಯ ಪ್ರಶ್ನೆ ಅಲ್ಲ. ನಮ್ಮ ಅಂಗಡಿಗಳಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳನ್ನು ‘ವುಡನ್ ಫ್ಲೋರಿಂಗ್’ ಅಂತ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಬೆಂಗಳೂರಿನ ಫ್ಲಾಟ್‌ಗಳ ಬೆಡ್‌ರೂಮಿನಲ್ಲಿ ಇರುವುದು ಬಹಳ ಸಲ ಲ್ಯಾಮಿನೇಟ್. ಅಂದರೆ ಮರದ ಹುಡಿಯನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ, ಅದರ ಮೇಲೆ ಗಟ್ಟಿ ಮೆಲಮೈನ್ ಪದರ. ಇದಕ್ಕೆ ಹಬೆ ಕೊಟ್ಟರೆ ಒಳಗಿನ ಹುಡಿ ಊದಿಕೊಳ್ಳುತ್ತದೆ, ಮತ್ತೆ ಇಳಿಯುವುದೇ ಇಲ್ಲ. ಒಂದು ಸಣ್ಣ ತಗ್ಗು ಹೋಗಿ ಅಂಗೈ ಅಗಲದ ಉಬ್ಬು ಬರುತ್ತದೆ.

ಎರಡನೆಯದು ಇಂಜಿನಿಯರ್ಡ್ ವುಡ್. ಕೆಳಗೆ ಪ್ಲೈವುಡ್, ಮೇಲೆ ನಿಜವಾದ ಓಕ್ ಅಥವಾ ತೇಗದ ಪದರ. ಈ ಮೇಲ್ಪದರ ಎಷ್ಟು ದಪ್ಪ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಅಗ್ಗದ್ದರಲ್ಲಿ ಅರ್ಧ ಮಿಲಿಮೀಟರಿನಷ್ಟೇ ಇರುತ್ತದೆ, ಒಳ್ಳೆಯದರಲ್ಲಿ 4 ರಿಂದ 6 ಮಿಲಿಮೀಟರ್ ಇರುತ್ತದೆ. ಮೂರನೆಯದು ಪೂರ್ತಿ ಮರದ ಹಲಗೆ. ಅಮೆರಿಕದಲ್ಲಿರುವ ನಮ್ಮವರ ಹಳೆ ಮನೆಗಳಲ್ಲಿ ಸಾಮಾನ್ಯವಾಗಿ ಓಕ್ ಇರುತ್ತದೆ. ಮಲೆನಾಡಿನ ಹಳೆ ಮನೆಗಳ ಮಹಡಿಯಲ್ಲಿ ಹಲಸು, ತೇಗ, ಮತ್ತಿ ಸಿಗುತ್ತವೆ. ನಾಲ್ಕನೆಯದು ವಿನೈಲ್, ಅಂದರೆ ಪ್ಲಾಸ್ಟಿಕ್. ಅದಕ್ಕೆ ಈ ಬರಹದಿಂದ ಏನೂ ಉಪಯೋಗವಿಲ್ಲ.

ಗುರುತಿಸುವುದು ಕಷ್ಟವಿಲ್ಲ. ಬಾಗಿಲ ಹತ್ತಿರ ಮರದ ನೆಲ ಮುಗಿದು ಟೈಲ್ಸ್ ಶುರುವಾಗುವ ಕಡೆ ಒಂದು ಪಟ್ಟಿ ಇರುತ್ತದೆ. ಅದನ್ನು ಮೆಲ್ಲಗೆ ಎಬ್ಬಿಸಿ ಹಲಗೆಯ ಅಂಚು ನೋಡಿ. ಮೇಲಿನ ಎಳೆಗಳು ಅಂಚಿನಲ್ಲೂ ಇಳಿದುಕೊಂಡು ಹೋಗಿದ್ದರೆ ಅದು ಪೂರ್ತಿ ಮರ. ಮೇಲೊಂದು ಪದರ, ಕೆಳಗೆ ಅಡ್ಡ-ಉದ್ದ ಪ್ಲೈ ಕಂಡರೆ ಇಂಜಿನಿಯರ್ಡ್. ಅಲ್ಲೇ ಸ್ಕೇಲ್ ಇಟ್ಟು ಮೇಲ್ಪದರದ ದಪ್ಪವನ್ನೂ ಅಳೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಒಳಗೆ ಕಂದು ಬಣ್ಣದ ಒತ್ತಿದ ಹುಡಿ ಕಂಡರೆ ಲ್ಯಾಮಿನೇಟ್. ಪಟ್ಟಿ ಎಬ್ಬಿಸಲು ಆಗದಿದ್ದರೆ ಇಡೀ ಕೋಣೆಯ ಹಲಗೆಗಳ ಗಂಟುಗಳನ್ನು ನೋಡುತ್ತಾ ಬನ್ನಿ. ಒಂದೇ ಗಂಟು, ಅದೇ ಆಕಾರದಲ್ಲಿ, ಇನ್ನೊಂದು ಹಲಗೆಯಲ್ಲೂ ಕಂಡರೆ ಅದು ಅಚ್ಚಿನ ಚಿತ್ರ. ಎರಡು ಮರದಲ್ಲಿ ಒಂದೇ ಗಂಟು ಬೆಳೆಯುವುದಿಲ್ಲ, ಅಲ್ವಾ?

ತಗ್ಗಾಗಿ ಕಾಣುವುದೆಲ್ಲ ನೆಗ್ಗಲ್ಲ

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಆದರೆ ದೊಡ್ಡ ಖರ್ಚಿನ ತೊಂದರೆಗಳು ಸಿಕ್ಕಿಬೀಳುವುದು ಇಲ್ಲೇ.

ಹೆಬ್ಬೆರಳಿನಿಂದ ತಗ್ಗನ್ನು ಗಟ್ಟಿಯಾಗಿ ಒತ್ತಿ. ನೆಗ್ಗಾಗಿದ್ದರೆ ಗಟ್ಟಿಯಾಗಿಯೇ ಇರುತ್ತದೆ, ಯಾಕೆಂದರೆ ನಾರು ಮೊದಲೇ ಅಮುಕಿ ಹೋಗಿದೆ. ಬೆರಳಿಗೆ ಮೆತ್ತಗೆ ಸಿಕ್ಕರೆ, ಒಳಗೆ ಕುಸಿದರೆ, ಅಥವಾ ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿರಬಹುದು. ಗೆದ್ದಲು ಮೇಲಿನ ತೆಳು ಪದರ ಬಿಟ್ಟು ಒಳಗೆಲ್ಲ ತಿನ್ನುತ್ತದೆ. ಸ್ಕರ್ಟಿಂಗ್ ಸಂದಿಯಲ್ಲಿ ಮಣ್ಣಿನ ಸಾಲು ಇದೆಯಾ ನೋಡಿ. ತಗ್ಗಿನ ಪಕ್ಕದಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತುಗಳಿದ್ದು, ಸುತ್ತ ನುಣ್ಣನೆ ಪುಡಿ ಉದುರಿದ್ದರೆ ಅದು ಕುಟ್ಟೆ. ಮಲೆನಾಡಿನ ಮಹಡಿಯಾದರೆ ಕೆಳಗಿನ ಕೋಣೆಗೆ ಹೋಗಿ ತಲೆಯೆತ್ತಿ ಅದೇ ಹಲಗೆಯ ಅಡಿಭಾಗ ನೋಡಬಹುದು. ಇದು ಫ್ಲಾಟಿನವರಿಗಿಲ್ಲದ ಅನುಕೂಲ. ಜಂತೆಯ ಮೇಲೆ ಪುಡಿ ಕೂತಿದ್ದರೆ ನೆಗ್ಗಿನ ವಿಷಯ ಪಕ್ಕಕ್ಕಿಟ್ಟು ಮೊದಲು ಹುಳಕ್ಕೆ ಔಷಧಿ ಮಾಡಿಸಿ.

ಇನ್ನೊಂದು ಮೋಸ ಮಳೆಗಾಲದ್ದು. ಹಲಗೆಯ ಅಡ್ಡಕ್ಕೆ ಒಂದು ಸ್ಟೀಲ್ ಸ್ಕೇಲ್ ಇಡಿ. ಎರಡೂ ಅಂಚು ಸ್ಕೇಲಿಗೆ ತಾಗಿ ನಡುವೆ ಬೆಳಕು ಕಾಣುತ್ತಿದೆಯಾ? ಪಕ್ಕದ ಹಲಗೆಯಲ್ಲೂ ಹಾಗೇನಾ? ಹಾಗಿದ್ದರೆ ಅದು ನೆಗ್ಗಲ್ಲ, ಹಲಗೆಯೇ ದೋಣಿಯಾಗಿದೆ. ಅಡಿಯಿಂದ ತೇವ ಹತ್ತಿ ಕೆಳಭಾಗ ಹಿಗ್ಗಿ ಅಂಚುಗಳು ಮೇಲೆದ್ದಿವೆ. ಬಾತ್‌ರೂಮಿನ ಗೋಡೆ ಪಕ್ಕದಲ್ಲಿದ್ದರೆ, ಏಸಿಯ ನೀರಿನ ಪೈಪ್ ಅಲ್ಲೇ ಹಾದುಹೋಗಿದ್ದರೆ ಅನುಮಾನ ಅಲ್ಲಿಂದಲೇ ಶುರು ಮಾಡಿ. ಎರಡು ಮುಳ್ಳು ಚುಚ್ಚುವ ತೇವಮಾಪಕ ಸಿಕ್ಕರೆ ಅನುಮಾನದ ಜಾಗದಲ್ಲೂ, ಕೋಣೆಯ ಒಣ ಮೂಲೆಯಲ್ಲೂ ಅಳೆಯಿರಿ. ಒಂದು ಕಡೆ 10, ಇನ್ನೊಂದು ಕಡೆ 15 ಶೇಕಡಾ ತೋರಿಸಿದರೆ ಎಲ್ಲೋ ನೀರು ಇಳಿಯುತ್ತಿದೆ ಅಂತಲೇ ಲೆಕ್ಕ.

ಈ ದೋಣಿಯಾದ ನೆಲಕ್ಕೆ ಮಳೆಗಾಲದಲ್ಲೇ ಮೆಷಿನ್ ಹಾಕಿ ಉಜ್ಜಿಸಿ ಮಟ್ಟ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಎದ್ದ ಅಂಚನ್ನು ಈಗ ಸವೆಸಿದರೆ, ಬೇಸಿಗೆಯಲ್ಲಿ ಹಲಗೆ ಒಣಗಿ ಮೊದಲಿನ ಆಕಾರಕ್ಕೆ ಬಂದಾಗ ಅಂಚು ತಗ್ಗಿ, ನಡು ಡುಬ್ಬವಾಗಿ ಉಳಿಯುತ್ತದೆ. ನೀರಿನ ಮೂಲ ನಿಲ್ಲಿಸಿ, ಒಣಗಲು ಬಿಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಕಾಲಿಟ್ಟಾಗ ಮಾತ್ರ ತಗ್ಗಿ, ತೆಗೆದಾಗ ಏಳುವುದಾದರೆ ಹಲಗೆಯ ಅಡಿಯ ನೆಲ ಮಟ್ಟವಿಲ್ಲ ಅಂತ ಅರ್ಥ. ಅದು ಹಾಸಿದವರು ಬಂದು ನೋಡಬೇಕಾದ ಕೆಲಸ.

ನಾರು ಅಮುಕಿದೆಯೋ, ಕಡಿದಿದೆಯೋ?

ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಮಲಗಿಸಿ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದಾಗ ತಗ್ಗಿನ ನೆರಳು ಚೆನ್ನಾಗಿ ಕಾಣುತ್ತದೆ. ಈಗ ಮರದ ಎಳೆಗಳನ್ನು ಗಮನಿಸಿ. ಎಳೆ ತಗ್ಗಿನೊಳಗೆ ಇಳಿದು ಆ ಕಡೆ ಮತ್ತೆ ಹತ್ತಿ ಮುಂದುವರಿದಿದ್ದರೆ ನಾರು ಪೂರ್ತಿಯಾಗಿದೆ. ಇದು ಏಳುವ ನೆಗ್ಗು. ತಗ್ಗಿನ ಅಂಚು ಚೂಪಾಗಿದ್ದು, ಅಲ್ಲಿ ಎಳೆ ತುಂಡಾಗಿ, ಒಳಗೆ ಪಾಲಿಶ್ ಇಲ್ಲದ ಮರದ ತಿಳಿ ಬಣ್ಣ ಕಂಡರೆ ನಾರು ಕಡಿದಿದೆ, ಬಹುಶಃ ಚೂರು ಕಿತ್ತೂ ಹೋಗಿದೆ. ಉಗುರನ್ನು ಅಡ್ಡ ಎಳೆದು ನೋಡಿ. ಜಾರಿ ಇಳಿದು ಜಾರಿ ಹತ್ತಿದರೆ ನೆಗ್ಗು, ಟಕ್ ಅಂತ ಸಿಕ್ಕಿಕೊಂಡರೆ ಗೀರು ಅಥವಾ ಕಿತ್ತದ್ದು.

ಏನು ಬಿತ್ತು ಅನ್ನುವುದೂ ಸುಳಿವು ಕೊಡುತ್ತದೆ. ಹಿತ್ತಾಳೆ ಚೊಂಬು, ಡಂಬ್‌ಬೆಲ್, ದೀಪದ ಕಂಬದ ಬುಡ ಇವೆಲ್ಲ ದುಂಡಗೆ ಅಮುಕುತ್ತವೆ. ಈಳಿಗೆಮಣೆ, ಉಳಿ, ಕಬ್ಬಿಣದ ಬೀರುವಿನ ಮೂಲೆ ಇವು ಕಡಿಯುತ್ತವೆ. ಬೀರುವನ್ನು ಎಳೆದಾಗ ಎರಡೂ ಆಗುತ್ತದೆ. ಶುರುವಿನಲ್ಲಿ ನೆಗ್ಗು, ಮುಂದೆ ಉದ್ದಕ್ಕೆ ಗೀರು. ಆಗ ಎರಡಕ್ಕೂ ಬೇರೆ ಬೇರೆ ಮದ್ದು.

ನೆಗ್ಗಿನ ವಯಸ್ಸೂ ಮುಖ್ಯ. ನಿನ್ನೆ ಮೊನ್ನೆ ಬಿದ್ದದ್ದು ಸುಲಭವಾಗಿ ಏಳುತ್ತದೆ. ಹತ್ತಾರು ವರ್ಷದ ನೆಗ್ಗಿನಲ್ಲಿ ಕೊಳೆ, ಮೇಣ, ಮೇಲೆ ಮೇಲೆ ಹಚ್ಚಿದ ಪಾಲಿಶ್ ಎಲ್ಲ ಕೂತಿರುತ್ತವೆ. ಅದು ಅರ್ಧ ಎದ್ದರೂ ಸಂತೋಷಪಡಿ.

ಮೇಲಿರುವ ಪಾಲಿಶ್ ಯಾವುದು?

ಬೀರುವಿನ ಹಿಂದೆಯೋ ಮಂಚದ ಅಡಿಯಲ್ಲೋ ಕಣ್ಣಿಗೆ ಬೀಳದ ಜಾಗ ಹುಡುಕಿ. ಒಂದು ಹನಿ ನೀರು ಹಾಕಿ ಐದು ನಿಮಿಷ ಬಿಡಿ. ಮರ ಕಪ್ಪಗಾಗಿ ನೀರು ಇಂಗಿದರೆ ಮೇಲೆ ಗಟ್ಟಿ ಪದರವಿಲ್ಲ. ಬರೀ ಎಣ್ಣೆ ಅಥವಾ ಮೇಣ ಇದೆ, ಇಲ್ಲವೇ ಪಾಲಿಶ್ ಸವೆದಿದೆ. ಹನಿ ಮುತ್ತಿನಂತೆ ನಿಂತರೆ ಪದರವಿದೆ. ಆಗ ಹತ್ತಿಯಲ್ಲಿ ಪಾಲಿಶ್ ಸ್ಪಿರಿಟ್ ಅದ್ದಿ ಒತ್ತಿ. ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಬಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಅಂಟಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಪಾಲಿಶ್, ಇಲ್ಲವೇ ಕಾರ್ಖಾನೆಯಲ್ಲೇ ಹಾಕಿ ಬಂದ ಗಟ್ಟಿ ಪದರ. ಸ್ಪಿರಿಟ್, ಥಿನ್ನರ್ ಎರಡಕ್ಕೂ ಬೇಗ ಬೆಂಕಿ ಹತ್ತುತ್ತದೆ. ಇಸ್ತ್ರಿ ಪೆಟ್ಟಿಗೆ ತರುವ ಮೊದಲು ಡಬ್ಬ ಮುಚ್ಚಿ ಬೇರೆ ಕೋಣೆಯಲ್ಲಿಡಿ, ಕಿಟಕಿ ತೆಗೆಯಿರಿ.

ಎಣ್ಣೆ-ಮೇಣದ ನೆಲವಿದ್ದವರು ಅದೃಷ್ಟವಂತರು. ನೀರು ನೇರ ಒಳಗೆ ಹೋಗುತ್ತದೆ, ಆಮೇಲೆ ಎಣ್ಣೆ ಒರೆಸಿದರೆ ಕೆಲಸವಾದದ್ದೇ ಗೊತ್ತಾಗುವುದಿಲ್ಲ. ಫ್ರೆಂಚ್ ಪಾಲಿಶ್ ಬಿಸಿ ಮತ್ತು ನೀರಿಗೆ ಬೆಳ್ಳಗಾಗುತ್ತದೆ, ಆದರೆ ಸ್ಪಿರಿಟ್‌ನಿಂದ ಮತ್ತೆ ಸರಿಮಾಡಬಹುದು. ಪಿಯು ಮತ್ತು ಕಾರ್ಖಾನೆ ಪದರದವರಿಗೆ ಕಷ್ಟ ಜಾಸ್ತಿ. ಪದರ ಒಡೆಯದಿದ್ದರೆ ಹಬೆ ಒಳಗೇ ಹೋಗುವುದಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕಾರ್ಖಾನೆ ಪದರದ ನೆಲದಲ್ಲಿ ನೆಗ್ಗು ನಿಂತು ನೋಡಿದರೆ ಕಾಣದೆ, ಟಾರ್ಚ್ ಹಿಡಿದಾಗ ಮಾತ್ರ ಕಂಡರೆ ಸುಮ್ನೆ ಬಿಟ್ಟುಬಿಡಿ. ಆ ಪದರದಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಬೆರೆತಿರುತ್ತದೆ, ಬಹಳ ಗಟ್ಟಿ. ಒಂದು ಕಡೆ ಉಜ್ಜಿ ಹೊಸ ಪಾಲಿಶ್ ಹಾಕಿದರೆ ಹೊಳಪು ಹೊಂದುವುದು ತೀರಾ ಕಷ್ಟ. ತಗ್ಗು ಹೋಗಿ ಮಸುಕಾದ ವೃತ್ತವೊಂದು ಉಳಿಯುತ್ತದೆ.

ಹಬೆ ಕೊಡುವ ಕೆಲಸ

ಬೇಕಾದದ್ದು ಬಿಳಿ ಹತ್ತಿ ಬಟ್ಟೆ, ಇಸ್ತ್ರಿ ಪೆಟ್ಟಿಗೆ, ಸಣ್ಣ ಸೂಜಿ, ಮಾಸ್ಕಿಂಗ್ ಟೇಪ್, 220 ನಂಬರಿನ ಪಾಲಿಶ್ ಪೇಪರ್, ಮತ್ತು ಒಂದು ದಿನದ ತಾಳ್ಮೆ. ಹಳೆ ಪಂಚೆಯ ತುಂಡು ಒಳ್ಳೆಯದು. ಬಣ್ಣದ ಬಟ್ಟೆ ಬೇಡ, ಬಣ್ಣ ಇಳಿಯುತ್ತದೆ. ಪಾಲಿಯೆಸ್ಟರ್ ಬೆರೆತದ್ದಂತೂ ಬೇಡವೇ ಬೇಡ, ಕರಗಿ ನೆಲಕ್ಕೆ ಅಂಟುತ್ತದೆ. ಇಸ್ತ್ರಿ ಪೆಟ್ಟಿಗೆಯ ತಳದಲ್ಲಿ ತುಕ್ಕು ಇರಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೊಳೆ ತೆಗೆಯಿರಿ. ಹಲಗೆಗಳ ಸಂದು ಹತ್ತಿರವಿದ್ದರೆ ಅದರ ಮೇಲೆ ಟೇಪ್ ಅಂಟಿಸಿ, ಸಂದಿಯೊಳಗೆ ನೀರು ಇಳಿಯದಿರಲಿ. ಗಟ್ಟಿ ಪದರವಿದ್ದರೆ ತಗ್ಗಿನೊಳಗೆ ಮಾತ್ರ ಸೂಜಿಯಿಂದ ಕೆಲವು ಸಣ್ಣ ಚುಚ್ಚು ಹಾಕಿ. ಎಳೆಯ ಗೆರೆಯ ಮೇಲೇ ಚುಚ್ಚಿದರೆ ಆಮೇಲೆ ಕಾಣುವುದಿಲ್ಲ. ಪದರ ಆಗಲೇ ಬಿರಿದಿದ್ದರೆ ಚುಚ್ಚುವ ಅಗತ್ಯವಿಲ್ಲ.

ಮೊದಲು ಇಸ್ತ್ರಿ ಇಲ್ಲದೆ ಶುರು ಮಾಡಿ. ತಗ್ಗಿಗೆ ಕೆಲವು ಹನಿ ಬಿಸಿನೀರು ಬಿಟ್ಟು, ಮೇಲೆ ಒದ್ದೆ ಹತ್ತಿ ಇಟ್ಟು ಒಂದೆರಡು ಗಂಟೆ ಬಿಡಿ. ಎಣ್ಣೆ ಹಚ್ಚಿದ ನೆಲದ ಆಳವಿಲ್ಲದ ನೆಗ್ಗು ಇಷ್ಟಕ್ಕೇ ಎದ್ದುಬಿಡಬಹುದು.

ಏಳದಿದ್ದರೆ ಇಸ್ತ್ರಿ. ಪೆಟ್ಟಿಗೆಯನ್ನು ಕಾಟನ್ ಗುರುತಿಗೆ ಇಡಿ, ಅದರ ಹಬೆ ಬಟನ್ ಆಫ್ ಮಾಡಿ. ಬಟ್ಟೆಯನ್ನು ನೀರಲ್ಲಿ ಅದ್ದಿ ನೀರು ತೊಟ್ಟಿಕ್ಕದಷ್ಟು ಹಿಂಡಿ, ಎರಡು ಮಡಿಕೆ ಮಾಡಿ ತಗ್ಗಿನ ಮೇಲೆ ಹಾಸಿ. ಪೆಟ್ಟಿಗೆಯ ಮೂತಿಯಿಂದ ತಗ್ಗಿನ ಮೇಲೆ ಮಾತ್ರ ಐದಾರು ಸೆಕೆಂಡ್ ಒತ್ತಿ, ತೆಗೆದು, ಬಟ್ಟೆ ಎತ್ತಿ ನೋಡಿ. ಮತ್ತೆ ಒದ್ದೆ ಮಾಡಿ, ಮತ್ತೆ ಒತ್ತಿ. ಬಟ್ಟೆ ಒಣಗಿದ ಮೇಲೂ ಒತ್ತುತ್ತಿದ್ದರೆ ಹಬೆ ಇರುವುದಿಲ್ಲ, ಬರೀ ಪಾಲಿಶ್ ಸುಡುತ್ತದೆ. ನೆಗ್ಗು ತೀರಾ ಸಣ್ಣದಾದರೆ ಸೋಡಾ ಬಾಟಲಿಯ ಲೋಹದ ಮುಚ್ಚಳವನ್ನು ಚಪ್ಪಟೆ ಭಾಗ ಕೆಳಗಾಗಿ ಬಟ್ಟೆಯ ಮೇಲಿಟ್ಟು, ಅದರ ಮೇಲೆ ಇಸ್ತ್ರಿ ಒತ್ತಿ. ಬಿಸಿ ಅಷ್ಟೇ ಜಾಗಕ್ಕೆ ಇಳಿಯುತ್ತದೆ, ಸುತ್ತಲಿನ ಪಾಲಿಶ್ ಉಳಿಯುತ್ತದೆ.

ಮರದ ಜೀವಕೋಶಗಳನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಒದ್ದೆಯಾಗಿದ್ದಾಗ ನೀರು ಕುದಿಯುವ ಬಿಸಿಗಿಂತ ಕಡಿಮೆಯಲ್ಲೇ ಮೆತ್ತಗಾಗುತ್ತದೆ. ಒಣ ಮರದಲ್ಲಿ ಅದೇ ಲಿಗ್ನಿನ್ ಮೆತ್ತಗಾಗಲು ಬಹಳ ಜಾಸ್ತಿ ಬಿಸಿ ಬೇಕು. ಅದಕ್ಕೇ ಬರೀ ಬಿಸಿ ಗಾಳಿ ಹೊಡೆದರೆ ಪ್ರಯೋಜನವಿಲ್ಲ, ಬರೀ ನೀರು ಹಾಕಿದರೆ ನಿಧಾನ. ಎರಡೂ ಸೇರಿದರೆ ಕೆಲಸ ನಡೆಯುತ್ತದೆ. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ನೀರು ನಿಧಾನ ಇಳಿಯುತ್ತದೆ. ಓಕ್‌ಗಿಂತ ಜಾಸ್ತಿ ಸಲ ಒತ್ತಬೇಕಾಗಬಹುದು.

ಇಂಜಿನಿಯರ್ಡ್ ನೆಲದವರು ಅಳೆದಿಟ್ಟ ದಪ್ಪ ನೆನಪಿಸಿಕೊಳ್ಳಿ. ಮೇಲ್ಪದರ 3 ಮಿಲಿಮೀಟರ್ ಅಥವಾ ಮೇಲಿದ್ದರೆ ಎಚ್ಚರದಿಂದ ಇದೇ ವಿಧಾನ ಮಾಡಬಹುದು. ಅದಕ್ಕಿಂತ ಕಡಿಮೆಯಿದ್ದರೆ ಎರಡು ಮೂರು ಸಲ ಒತ್ತಿ ನಿಲ್ಲಿಸಿ. ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದರೆ ಇಸ್ತ್ರಿಯೇ ಬೇಡ. ಬಿಸಿ ಮತ್ತು ನೀರು ಸೇರಿ ಕೆಳಗಿನ ಅಂಟನ್ನು ಬಿಡಿಸಿದರೆ ಪದರವೇ ಗುಳ್ಳೆಯಾಗಿ ಏಳುತ್ತದೆ.

ಎದ್ದ ಮೇಲೆ ಏನು ಮಾಡಬೇಕು? ಏನೂ ಮಾಡಬಾರದು, ಕನಿಷ್ಠ ಒಂದು ದಿನ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಆಗುಂಬೆಯಂಥ ಕಡೆ ಎರಡು ಮೂರು ದಿನ ಬಿಡಿ. ಒದ್ದೆ ಮರ ಹಿಗ್ಗಿರುತ್ತದೆ. ಆಗಲೇ ಉಜ್ಜಿ ಮಟ್ಟ ಮಾಡಿದರೆ, ಒಣಗಿ ಕುಗ್ಗಿದ ಮೇಲೆ ಅಲ್ಲಿ ಹೊಸ ತಗ್ಗು. ಆ ತಗ್ಗಿಗೆ ಹಬೆಯೂ ಮದ್ದಲ್ಲ, ಯಾಕೆಂದರೆ ಅಲ್ಲಿ ಮರವೇ ಸವೆದು ಹೋಗಿದೆ. ಪೂರ್ತಿ ಒಣಗಿದ ಮೇಲೆ ಎಳೆಯ ಉದ್ದಕ್ಕೆ 220ರ ಪೇಪರಿನಿಂದ ಹಗುರವಾಗಿ ಸವರಿ. ಅಡ್ಡ ಉಜ್ಜಬೇಡಿ. ಆಮೇಲೆ ಮೊದಲಿದ್ದ ಪಾಲಿಶ್ಶನ್ನೇ ಸಣ್ಣ ಬ್ರಷ್‌ನಿಂದ ತೆಳುವಾಗಿ ಎರಡು ಮೂರು ಪದರ ಕೊಡಿ, ಪ್ರತಿ ಪದರ ಒಣಗಿದ ಮೇಲೆ ಮುಂದಿನದು. ತೇಗವಾದರೆ ಪಾಲಿಶ್‌ಗೆ ಮೊದಲು ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿ. ಇಲ್ಲದಿದ್ದರೆ ಮರದ ಎಣ್ಣೆ ಪಾಲಿಶ್ಶನ್ನು ಹಿಡಿಯಲು ಬಿಡುವುದಿಲ್ಲ.

ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಹಬೆ ಕೊಟ್ಟ ಮೇಲೆ ಬರುವ ತೊಂದರೆಗಳು

*ಏನೂ ಏಳಲಿಲ್ಲ.* ಮೊದಲ ಅನುಮಾನ ಪದರದ ಮೇಲೆ. ಮತ್ತೆ ಒಂದು ಹನಿ ನೀರು ಹಾಕಿ ನೋಡಿ. ಇಂಗದಿದ್ದರೆ ಹಬೆ ಒಳಗೆ ಹೋಗಿಲ್ಲ, ತಗ್ಗಿನ ಪಾಲಿಶ್ಶನ್ನು ಕೆರೆದು ತೆಗೆಯಬೇಕು. ಇಂಗಿದರೂ ಏಳದಿದ್ದರೆ ನಾರು ಕಡಿದಿದೆ, ಅಥವಾ ಯಾರೋ ಹಿಂದೆ ಪುಟ್ಟಿ ತುಂಬಿದ್ದಾರೆ. ಬಾಡಿಗೆ ಮನೆಗಳಲ್ಲಿ ಇದು ಸಾಮಾನ್ಯ. ತಗ್ಗಿನಲ್ಲಿ ಎಳೆಯೇ ಕಾಣದೆ ಒಂದೇ ಬಣ್ಣದ ಚುಕ್ಕೆ ಇದ್ದರೆ ಅದು ಪುಟ್ಟಿ.

*ಬಿಳಿ ಮಚ್ಚೆ ಬಂತು.* ಪಾಲಿಶ್‌ನೊಳಗೆ ತೇವ ಸಿಕ್ಕಿಕೊಂಡಿದೆ. ಗಾಬರಿಯಾಗದೆ ಒಂದೆರಡು ದಿನ ಬಿಡಿ, ಎಷ್ಟೋ ಸಲ ತಾನೇ ಹೋಗುತ್ತದೆ. ಉಳಿದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿಯಿರಿ. ಫ್ರೆಂಚ್ ಪಾಲಿಶ್ ಆದರೆ ಬಟ್ಟೆಗೆ ಬರೀ ವಾಸನೆ ಬರುವಷ್ಟು ಸ್ಪಿರಿಟ್ ತಾಗಿಸಿ, ನಿಲ್ಲಿಸದೆ ಬೇಗನೆ ಸವರಿ ತೆಗೆಯಿರಿ. ಪಿಯು ಪದರದ ಬಿಳಿ ಹೋಗಲೇ ಇಲ್ಲವೆಂದರೆ ಪದರ ಮರದಿಂದ ಬಿಟ್ಟುಕೊಂಡಿದೆ. ಅಷ್ಟು ಜಾಗ ಕೆರೆದು ಹೊಸದಾಗಿ ಹಾಕುವುದೊಂದೇ ದಾರಿ.

*ಕಪ್ಪು ಮಚ್ಚೆ ಬಂತು.* ಇದು ಓಕ್ ನೆಲದವರನ್ನು ಬಹಳ ಕಾಡುತ್ತದೆ. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಜಾಸ್ತಿ. ಕಬ್ಬಿಣ ಮತ್ತು ನೀರು ಅದಕ್ಕೆ ತಾಗಿದರೆ ಶಾಯಿಯಂಥ ಕಪ್ಪು ಹುಟ್ಟುತ್ತದೆ. ಹಿಂದೆ ಬರೆಯುವ ಶಾಯಿಯನ್ನೇ ಟ್ಯಾನಿನ್ ಮತ್ತು ಕಬ್ಬಿಣದ ಲವಣದಿಂದ ಮಾಡುತ್ತಿದ್ದರು. ಇಸ್ತ್ರಿ ತಳದ ತುಕ್ಕು, ಉಜ್ಜಿದ ಸ್ಟೀಲ್ ಉಣ್ಣೆಯ ಚೂರು, ಅಡಗಿರುವ ಮೊಳೆ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಸ್ಟೀಲ್ ಉಣ್ಣೆಯ ಬದಲು ನೈಲಾನ್ ಸ್ಕ್ರಬ್ಬರ್ ಬಳಸಿದರೆ ಈ ತಾಪತ್ರಯವಿಲ್ಲ. ಬಂದ ಕಪ್ಪನ್ನು ತೆಗೆಯಲು ಪಾಲಿಶ್ ಕೆರೆದು ಆಕ್ಸಾಲಿಕ್ ಆಸಿಡ್ ದ್ರಾವಣ ಹಚ್ಚುತ್ತಾರೆ. ಇದು ವಿಷ. ಕೈಗವಸು ಬೇಕು, ಪುಡಿ ಉಸಿರಿಗೆ ಹೋಗಬಾರದು, ಮಕ್ಕಳಿಗೆ ಸಿಗಬಾರದು, ಕೆಲಸವಾದ ಮೇಲೆ ನೀರಿನಿಂದ ಚೆನ್ನಾಗಿ ಒರೆಸಬೇಕು. ಚೆನ್ನಾಗಿ ಒರೆಸದೆ ಒಣಗಿದ ಮೇಲೆ ಉಜ್ಜಿದರೆ ಅದರ ಧೂಳೂ ಅಪಾಯವೇ. ಧೈರ್ಯವಿಲ್ಲದಿದ್ದರೆ ಪಾಲಿಶ್ ಕೆಲಸ ಗೊತ್ತಿರುವವರಿಗೆ ಬಿಡಿ.

*ಮುಕ್ಕಾಲು ಎದ್ದು ನಿಂತುಬಿಟ್ಟಿತು.* ಸಾಕು. ಉಳಿದ ಅಷ್ಟನ್ನು ಪಾಲಿಶ್ ಪದರಗಳೇ ತುಂಬಿಕೊಳ್ಳುತ್ತವೆ. ಇನ್ನೂ ಒತ್ತುತ್ತಾ ಹೋದರೆ ಸುತ್ತಲಿನ ಒಳ್ಳೆಯ ಪಾಲಿಶ್ ಹೋಗುತ್ತದೆ.

ಕಡಿದದ್ದು, ಕಿತ್ತದ್ದು: ಈಗ ತುಂಬಿ

ಇಲ್ಲಿ ಮರ ಕಾಣೆಯಾಗಿದೆ, ಹಾಗಾಗಿ ಏನಾದರೂ ತುಂಬಲೇಬೇಕು. ಚಕ್ಕೆ ಎದ್ದು ಒಂದು ಕಡೆ ಅಂಟಿಕೊಂಡೇ ಇದ್ದರೆ ಕಿತ್ತು ಎಸೆಯಬೇಡಿ. ಚಕ್ಕೆಯ ಅಡಿಗೆ ಕಡ್ಡಿಯಿಂದ ಅಂಟು ಹಚ್ಚಿ, ಒತ್ತಿ, ಮೇಲೆ ಟೇಪ್ ಹಾಕಿ ಭಾರ ಇಡಿ. ಅದೇ ಮರ, ಅದೇ ಎಳೆ. ಅದಕ್ಕಿಂತ ಚೆನ್ನಾಗಿ ಹೊಂದುವ ಪುಟ್ಟಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮ್ಮ ಆಚಾರಿಗಳು ಮರದ ಹುಡಿಗೆ ಬಿಳಿ ಅಂಟು ಕಲಸಿ ತುಂಬುತ್ತಾರೆ. ಗಟ್ಟಿಯಾಗಿ ಕೂರುತ್ತದೆ ನಿಜ. ಆದರೆ ಅಂಟು ಹುಡಿಯ ಬಾಯಿ ಮುಚ್ಚಿಬಿಡುವುದರಿಂದ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ), ಪಾಲಿಶ್ ಹೀರುವುದಿಲ್ಲ, ಕೊನೆಗೆ ಬೇರೆಯೇ ಬಣ್ಣ ಕಾಣುತ್ತದೆ. ಬೀರುವಿನ ಅಡಿಗೆ ಹೋಗುವ ಜಾಗವಾದರೆ ಪರವಾಗಿಲ್ಲ. ಕಣ್ಣಿಗೆ ಬೀಳುವ ಕಡೆ ಗಟ್ಟಿ ಮೇಣದ ಕಡ್ಡಿ ವಾಸಿ. ಅದನ್ನು ಬಿಸಿ ಮಾಡಿ ತುಂಬಿ, ಆರಿದ ಮೇಲೆ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮಟ್ಟವಾಗಿ ಕೆರೆಯಬೇಕು. ಇಷ್ಟವಾಗದಿದ್ದರೆ ತೆಗೆದುಹಾಕಬಹುದು, ಅದೇ ಅದರ ದೊಡ್ಡ ಗುಣ. ಬಹಳ ಓಡಾಡುವ ಜಾಗದ ಆಳದ ಗುಂಡಿಗೆ ಎಪಾಕ್ಸಿ (ಎರಡು ಭಾಗ ಬೆರೆಸುವ ಗಟ್ಟಿ ಅಂಟು) ತಡೆದುಕೊಳ್ಳುತ್ತದೆ, ಆದರೆ ಅದನ್ನು ಮತ್ತೆ ತೆಗೆಯುವುದು ಕಷ್ಟ.

ಒಂದೇ ಬಣ್ಣದಲ್ಲಿ ತುಂಬಿದ್ದು ಎಷ್ಟು ಹೊಂದಿದರೂ ಕಾಣುತ್ತದೆ, ಯಾಕೆಂದರೆ ಮರ ಎಲ್ಲೂ ಒಂದೇ ಬಣ್ಣದ್ದಲ್ಲ. ತಿಳಿ ಬಣ್ಣದಲ್ಲಿ ತುಂಬಿ, ಗಾಢ ಬಣ್ಣದಲ್ಲಿ ಎಳೆಯ ಒಂದೆರಡು ಗೆರೆ ಎಳೆದು ಪಕ್ಕದ ಎಳೆಗೆ ಸೇರಿಸಿ. ಬಣ್ಣ ನೋಡುವುದು ಹಗಲು ಬೆಳಕಿನಲ್ಲಿ. ಟ್ಯೂಬ್‌ಲೈಟ್ ಕೆಳಗೆ ಹೊಂದಿದ್ದು ಬೆಳಿಗ್ಗೆ ಹೊಂದದಿರಬಹುದು.

ಲ್ಯಾಮಿನೇಟ್‌ನವರಿಗೂ ಇದೇ ಮೇಣದ ಕಡ್ಡಿ ದಾರಿ. ಉಜ್ಜಬೇಡಿ, ಚಿತ್ರವೇ ಹೋಗುತ್ತದೆ. ಪದರ ಒಡೆದು ಕಂದು ಹುಡಿ ಕಾಣುತ್ತಿದ್ದರೆ ಬೇಗ ಮುಚ್ಚಿ, ನೆಲ ಒರೆಸುವ ನೀರು ಒಳಗೆ ಹೋದರೆ ಊದಲು ಶುರುವಾಗುತ್ತದೆ. ಕ್ಲಿಕ್ ಜೋಡಣೆಯ (ಅಂಟಿಲ್ಲದೆ ಒಂದಕ್ಕೊಂದು ಸಿಕ್ಕಿಸುವ) ನೆಲವಾಗಿದ್ದು, ಉಳಿದ ಹಲಗೆ ಎತ್ತಿಟ್ಟಿದ್ದರೆ ಗೋಡೆ ಕಡೆಯಿಂದ ಬಿಚ್ಚುತ್ತಾ ಬಂದು ಬದಲಿಸಬಹುದು. ಎತ್ತಿಟ್ಟಿಲ್ಲದವರು ಬೀರುವಿನ ಅಡಿಯ ಹಲಗೆಯನ್ನೂ ಕೆಟ್ಟ ಹಲಗೆಯನ್ನೂ ಅದಲುಬದಲು ಮಾಡುವುದುಂಟು. ಒಳ್ಳೆಯ ಉಪಾಯವೇ.

ನೆಗ್ಗುಗಳು ಕೋಣೆ ತುಂಬಾ ಇದ್ದರೆ ಒಂದೊಂದನ್ನೇ ಎಬ್ಬಿಸುತ್ತಾ ಕೂರುವ ಬದಲು ಇಡೀ ನೆಲ ಉಜ್ಜಿಸಿ ಪಾಲಿಶ್ ಮಾಡಿಸುವುದು ಅಗ್ಗ. ಪೂರ್ತಿ ಮರಕ್ಕೆ ಹಲವು ಸಲ ಮಾಡಿಸಬಹುದು. ಇಂಜಿನಿಯರ್ಡ್‌ನಲ್ಲಿ ಮೇಲ್ಪದರ 3 ಮಿಲಿಮೀಟರ್ ಇದ್ದರೆ ಒಂದೋ ಎರಡೋ ಸಲ. ಆಗಲೂ ಆಳದ ನೆಗ್ಗನ್ನು ಮೊದಲು ಹಬೆಯಿಂದ ಎಬ್ಬಿಸಿಕೊಳ್ಳಿ. ಇಲ್ಲದಿದ್ದರೆ ಆ ಒಂದು ತಗ್ಗಿನ ಮಟ್ಟಕ್ಕೆ ಇಡೀ ಕೋಣೆಯ ಮರ ಸವೆಸಬೇಕಾಗುತ್ತದೆ.

ಮತ್ತೆ ಮತ್ತೆ ನೆಗ್ಗುತ್ತಿದ್ದರೆ

ತೇಗದ ನೆಲ ಹಾಕಿಸಿದವರು ‘ತೇಗ ಅಂದರೆ ಗಟ್ಟಿ, ನಮ್ಮದು ಹೇಗೆ ನೆಗ್ಗಿತು’ ಅಂತ ಕೇಳುತ್ತಾರೆ. ತೇಗ ಗೆದ್ದಲಿಗೆ, ನೀರಿಗೆ ಜಗ್ಗದ ಮರ. ಪೆಟ್ಟು ತಡೆಯುವುದರಲ್ಲಿ ಅಷ್ಟೇನೂ ಗಟ್ಟಿಯಲ್ಲ. ಮರದ ಗಡಸುತನ ಅಳೆಯಲು ಆಸ್ಟ್ರಿಯಾದ ಗೇಬ್ರಿಯಲ್ ಜಂಕಾ 1906ರಲ್ಲಿ ರೂಪಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. 11.28 ಮಿಲಿಮೀಟರ್ ಅಗಲದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಅಂತ ನೋಡುತ್ತಾರೆ. ಗುಂಡಿನ ಆ ಅಗಲಕ್ಕೆ ವಿಸ್ತೀರ್ಣ ಸರಿಯಾಗಿ ಒಂದು ಚದರ ಸೆಂಟಿಮೀಟರ್. ಕೆಂಪು ಓಕ್‌ಗೆ ಸುಮಾರು 585 ಕೆಜಿ, ಗಟ್ಟಿ ಮೇಪಲ್‌ಗೆ ಸುಮಾರು 658 ಕೆಜಿ, ತೇಗಕ್ಕೆ 485 ಕೆಜಿಯ ಆಸುಪಾಸು.

ಈಗ 60 ಕೆಜಿ ತೂಕದವರ ಹೈಹೀಲ್ಡ್ ಚಪ್ಪಲಿ ತೆಗೆದುಕೊಳ್ಳಿ. ಹಿಮ್ಮಡಿಯ ತುದಿ ಒಂದು ಚದರ ಸೆಂಟಿಮೀಟರ್ ಇದ್ದರೆ ಒತ್ತಡ 60 ಕೆಜಿ ಮಾತ್ರ, ತೊಂದರೆಯಿಲ್ಲ. ಅದರ ರಬ್ಬರ್ ಸವೆದು ಒಳಗಿನ 3 ಮಿಲಿಮೀಟರ್ ಮೊಳೆ ಹೊರಬಂತು ಅನ್ನಿ. ಅದೇ 60 ಕೆಜಿ ಮೊಳೆಯ ತುದಿಯ ಮೇಲೆ ಬಿದ್ದು, ಒಂದು ಚದರ ಸೆಂಟಿಮೀಟರ್ ಲೆಕ್ಕದಲ್ಲಿ 850 ಕೆಜಿಯ ಹತ್ತಿರ ಹೋಗುತ್ತದೆ. ಮೇಪಲ್ ಕೂಡ ತಡೆಯುವುದಿಲ್ಲ. ಹಾಗಾಗಿ ಸಾಲಾಗಿ ಸಣ್ಣ ಸಣ್ಣ ದುಂಡು ನೆಗ್ಗು ಕಂಡರೆ ಮನೆಗೆ ಬಂದವರ ಚಪ್ಪಲಿ ನೆನಪಿಸಿಕೊಳ್ಳಿ. ಹೊರಗೆ ಚಪ್ಪಲಿ ಬಿಡುವ ಮನೆಗಳಲ್ಲಿ ಈ ನೆಗ್ಗು ಬರುವುದಿಲ್ಲ. ಅಮೆರಿಕದ ಮನೆಗೆ ಪಾರ್ಟಿಗೆ ಬಂದವರಿಗೆ ಹೇಳಲು ಸಂಕೋಚ, ಅಷ್ಟೇ.

ಮೇಜಿನ ಮುಂದೆ ಬಿಲ್ಲಿನ ಆಕಾರದಲ್ಲಿ ಸಾಲು ತಗ್ಗು ಇದ್ದರೆ ಅದು ಕುರ್ಚಿಯ ಚಕ್ರ. ಆಫೀಸ್ ಕುರ್ಚಿಗಳಿಗೆ ಸಾಮಾನ್ಯವಾಗಿ ಗಟ್ಟಿ ನೈಲಾನ್ ಚಕ್ರ ಬರುತ್ತದೆ. ಮನೆಯಿಂದ ಕೆಲಸ ಮಾಡುವವರ ಕೋಣೆಯಲ್ಲಿ ಈ ನೆಗ್ಗು ಎಬ್ಬಿಸುವ ಮೊದಲು ಚಕ್ರವನ್ನು ಮೆತ್ತನೆಯ ರಬ್ಬರ್ ಅಥವಾ ಪಿಯು ಚಕ್ರಕ್ಕೆ ಬದಲಿಸಿ. ಎಳೆದು ಹೊರತೆಗೆದು ಹೊಸದು ಒತ್ತಿದರೆ ಆಯಿತು, ಹೆಚ್ಚಿನ ಕುರ್ಚಿಗಳಿಗೆ ಕಡ್ಡಿಯ ಅಳತೆ ಒಂದೇ. ಆದರೂ ಕೊಳ್ಳುವ ಮೊದಲು ಅಳೆದು ನೋಡಿ.

ಮಂಚ, ಬೀರುವಿನ ಕಾಲಿಗೆ ದಪ್ಪ ಫೆಲ್ಟ್ (ಕಂಬಳಿಯಂಥ ಮೆತ್ತನೆ ತುಂಡು) ಅಂಟಿಸಿ. ಬೀರುವನ್ನು ಸರಿಸುವಾಗ ಖಾಲಿ ಮಾಡಿ, ಅಡಿಗೆ ಹಳೆ ಕಂಬಳಿ ಹಾಕಿ ಎಳೆಯಿರಿ. ಫೆಲ್ಟ್ ಕೂಡ ಶಾಶ್ವತವಲ್ಲ. ಅದರಲ್ಲಿ ಮಣ್ಣಿನ ಕಾಳು ಸಿಕ್ಕಿಕೊಂಡರೆ ಅದೇ ನೆಲ ಗೀರುತ್ತದೆ. ಹಬ್ಬಕ್ಕೆ ಮನೆ ಗುಡಿಸಿ ಸಾರಿಸುವಾಗ ಒಮ್ಮೆ ಕಾಲುಗಳನ್ನು ಎತ್ತಿ ನೋಡಿ, ಕೊಳೆಯಾಗಿದ್ದರೆ ಕಿತ್ತು ಹೊಸದು ಹಾಕಿ.